ಅಜ್ಜಿಯ ಕೈ ಯಾವ ಲೇಯರ್‌ನಲ್ಲಿದೆ?

ಮಾರ್ಚ್ ತಿಂಗಳ ಒಂದು ಸಂಜೆ ಬೆಂಗಳೂರಿನಿಂದ ನಮ್ಮ ಡೈರೆಕ್ಟರ್ ಫೋನ್ ಮಾಡಿದರು. ಅವರು ಯಾವತ್ತೂ ರೇಗುವವರಲ್ಲ. ಅದಕ್ಕೇ ಅವರು ನಿಧಾನವಾಗಿ ಮಾತು ಶುರು ಮಾಡಿದರೆ ನನಗೆ ಎದೆ ಢವಢವ.

"ಶಾಟ್ 14 ನೋಡ್ದೆ. ಎಲ್ಲಾ ಚೆನ್ನಾಗಿದೆ. ಆದ್ರೆ ಅಜ್ಜಿ ಮಗೂನ ಮುಟ್ತಾನೇ ಇಲ್ವಲ್ಲ?"

"ಮುಟ್ಟಿದಾಳಲ್ಲ ಸರ್, ಎರಡೂ ಕೈ ಬೆನ್ನ ಮೇಲೇ ಇದೆ."

"ಬೆನ್ನ ಮೇಲಿದೆ. ಮುಟ್ಟಿಲ್ಲ. ಫ್ರಿಜ್ ಮೇಲೆ ಮ್ಯಾಗ್ನೆಟ್ ಅಂಟಿಸಿದ ಹಾಗಿದೆ. ಇನ್ನೊಂದ್ಸಲ ನೋಡಿ."

ಫೋನ್ ಇಟ್ಟ ಮೇಲೆ ಆ ಆರು ಸೆಕೆಂಡನ್ನು ಹತ್ತು ಸಲವಾದರೂ ನೋಡಿರಬೇಕು. ಬೇಸಿಗೆ ರಜಕ್ಕೆ ಬಂದ ಮೊಮ್ಮಗಳು ಗೇಟು ತಳ್ಳಿಕೊಂಡು ಓಡಿ ಬರ್ತಾಳೆ, ಅಜ್ಜಿ ತಬ್ಬಿಕೊಳ್ತಾಳೆ. ಅಷ್ಟೇ ಶಾಟ್. ಅವರು ಹೇಳಿದ್ದು ನಿಜ. ಇಬ್ಬರೂ ಒಬ್ಬರ ಮೇಲೊಬ್ಬರು ಇದ್ದರು, ಆದರೆ ಒಬ್ಬರಿಗೊಬ್ಬರು ಸಿಕ್ಕಿರಲಿಲ್ಲ.

ನನ್ನ ಕೆಲಸ ಏನು ಅಂತ ನೆಂಟರಿಗೆ ಅರ್ಥ ಮಾಡಿಸುವುದು ಕಷ್ಟ. "ಕಾರ್ಟೂನ್ ಬಿಡಿಸ್ತಾಳೆ" ಅಂತ ಅಮ್ಮ ಒಂದೇ ಮಾತಲ್ಲಿ ಮುಗಿಸಿಬಿಡ್ತಾಳೆ. ಸರಸ್ವತಿಪುರಂನ ನಮ್ಮ ಮನೆಯ ಹಿಂದಿನ ರೂಮಿನಲ್ಲಿ ಕೂತು, ಬೆಂಗಳೂರಿನ ಒಂದು ಸಣ್ಣ ಸ್ಟುಡಿಯೋಗೆ ಮಕ್ಕಳ ಕತೆಗಳಿಗೆ ಜೀವ ಕೊಡುವುದು ನನ್ನ ಉದ್ಯೋಗ. ಬಿಡಿಸುವುದು ಕಡಿಮೆ, ಅಲುಗಾಡಿಸುವುದು ಜಾಸ್ತಿ. ಟ್ರೇಸಿಂಗ್ ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿದ ಹಾಗೆ ಅಂದುಕೊಳ್ಳಿ. ಒಂದು ಹಾಳೆಯಲ್ಲಿ ಅಜ್ಜಿಯ ಮುಖ, ಇನ್ನೊಂದರಲ್ಲಿ ತುರುಬು, ಮತ್ತೊಂದರಲ್ಲಿ ತೋಳು, ಮುಂಗೈ, ಅಂಗೈ, ಸೆರಗು, ನೆರಿಗೆ. ಇವೇ ಲೇಯರ್‌ಗಳು. ಮೊಣಕೈ, ಮಣಿಕಟ್ಟು, ಕುತ್ತಿಗೆಯ ಹತ್ತಿರ ಒಂದೊಂದು ಕಾಣದ ಮೊಳೆ ಹೊಡೆದು ಎಲ್ಲವನ್ನೂ ಒಂದಕ್ಕೊಂದು ಪೋಣಿಸಿದರೆ ಅದು ರಿಗ್. ಕಂಪ್ಯೂಟರ್ ಒಳಗಿನ ತೊಗಲುಗೊಂಬೆ ಅನ್ನಿ. ನಮ್ಮ ಅಜ್ಜಿಗೆ 31 ಲೇಯರ್, ಮೊಮ್ಮಗಳಿಗೆ 26.

ಈ ಲೇಯರ್ ಅನ್ನುವುದು ಕಂಪ್ಯೂಟರಿನ ಜೊತೆ ಬಂದದ್ದಲ್ಲ. 1914ರಲ್ಲಿ ಅಮೆರಿಕದ ಅರ್ಲ್ ಹರ್ಡ್ ಎಂಬ ಅನಿಮೇಟರ್ ಇಂಥ ವಿಧಾನಕ್ಕೆ ಪೇಟೆಂಟ್ ಅರ್ಜಿ ಹಾಕಿದ್ದ. ಪಾತ್ರಗಳನ್ನು ಪಾರದರ್ಶಕ ಸೆಲ್ಯುಲಾಯ್ಡ್ ಹಾಳೆಯ ಮೇಲೆ ಬಿಡಿಸುವುದು, ಹಿನ್ನೆಲೆಯನ್ನು ಬೇರೆ ಹಾಳೆಯಲ್ಲಿ ಕೆಳಗಿಡುವುದು. ಒಂದು ಸೆಕೆಂಡಿಗೆ 24 ಫ್ರೇಮ್ ಬೇಕು. ಪ್ರತಿಯೊಂದರಲ್ಲೂ ಅದೇ ಮರ, ಅದೇ ಗೋಡೆ ಮತ್ತೆ ಮತ್ತೆ ಬಿಡಿಸುತ್ತಾ ಕೂತರೆ ಆಯಸ್ಸು ಸಾಲುವುದಿಲ್ಲವಲ್ಲ. ಹಾಳೆಗಳನ್ನು ಬೇರೆ ಬೇರೆ ಇಟ್ಟದ್ದೇ ಒಂದು ಅಲುಗಾಡಿದಾಗ ಇನ್ನೊಂದು ಅಲುಗಾಡಬಾರದು ಅಂತ. ನಾನು ಮಾಡಬೇಕಿದ್ದದ್ದು ಅದರ ತದ್ವಿರುದ್ಧ. ಅಜ್ಜಿ ಮುಟ್ಟಿದರೆ ಮಗು ಅಲುಗಾಡಬೇಕು.

ಅದಕ್ಕೂ ಮುಂಚಿನ ತಲೆನೋವು ಇನ್ನೊಂದಿದೆ, ಯಾರು ಮೇಲೆ ಯಾರು ಕೆಳಗೆ ಅನ್ನುವುದು. ತಬ್ಬಿಕೊಂಡಾಗ ಅಜ್ಜಿಯ ಒಂದು ಕೈ ಮಗುವಿನ ಬೆನ್ನ ಮೇಲೆ, ಮಗುವಿನ ಕೈ ಅಜ್ಜಿಯ ಸೊಂಟದ ಹಿಂದೆ, ಅಜ್ಜಿಯ ಸೆರಗು ಮಗುವಿನ ಭುಜದ ಮೇಲೆ, ಮಗುವಿನ ಗಲ್ಲ ಆ ಸೆರಗಿನ ಮೇಲೆ. ಮೂರೆಳೆ ಜಡೆ ಹೆಣೆದವರಿಗೆ ಇದು ಹೇಳದೆಯೇ ಗೊತ್ತಾಗುತ್ತೆ. ಜಡೆಯಲ್ಲಿ ಯಾವ ಎಳೆ ಮೇಲೆ? ಈ ತಿರುವಿನಲ್ಲಿ ಇದು, ಮುಂದಿನ ತಿರುವಿನಲ್ಲಿ ಅದು. ಸಾಫ್ಟ್‌ವೇರಿಗೆ ಅದೆಲ್ಲ ಗೊತ್ತಿಲ್ಲ. ಮೋಹೋ ಆಗಲಿ, ಟೂನ್ ಬೂಮ್ ಹಾರ್ಮನಿ ಆಗಲಿ, ದುಡ್ಡಿಲ್ಲದೆ ಸಿಗುವ ಓಪನ್‌ಟೂನ್ಝ್ ಆಗಲಿ, ರೇಷನ್ ಅಂಗಡಿಯ ಕ್ಯೂ ಥರ ಒಂದು ಸಾಲು ಕೇಳುತ್ತೆ. ಹಾಗಾಗಿ ನಾವು ಕತ್ತರಿ ಹಿಡಿಯುತ್ತೇವೆ. ತೋಳನ್ನು ಮೊಣಕೈ ಹತ್ತಿರ ಬೇರೆ ಮಾಡಿ, ಮೇಲ್ತೋಳು ಮಗುವಿನ ಹಿಂದೆ, ಮುಂಗೈ ಮಗುವಿನ ಮುಂದೆ. ಅಂಗೈಯನ್ನೂ ಎರಡು ಮಾಡಿ, ನಾಲ್ಕು ಬೆರಳು ಈಚೆ, ಹೆಬ್ಬೆರಳು ಆಚೆ. ಸೀಳಿದ ಗುರುತು ಕಾಣದ ಹಾಗೆ ಮಾಸ್ಕ್ ಹಾಕಿ ಮರೆ ಮಾಡುವುದು. ಇದೆಲ್ಲ ನನಗೆ ಬರುತ್ತೆ. ಮಾಡಿಯೂ ಇದ್ದೆ. ಆದರೂ ಮ್ಯಾಗ್ನೆಟ್!

ಕನ್ನಡಿ ಮುಂದೆ ನಿಂತು ತಾನೇ ಅಭಿನಯಿಸಿ ನೋಡುವುದು ಅನಿಮೇಟರ್‌ಗಳ ಹಳೇ ಅಭ್ಯಾಸ. ಕೆಮ್ಮಬೇಕು, ಎಡವಬೇಕು, ಜಗಳ ಆಡಬೇಕು ಅಂದರೆ ಒಬ್ಬಳೇ ಸಾಕು. ತಬ್ಬಿಕೊಳ್ಳುವುದಕ್ಕೆ ಇಬ್ಬರು ಬೇಕು. ಮನೆಯಲ್ಲಿ ಇರುವುದೇ ಇಬ್ಬರು. ಅಡುಗೆಮನೆ ಕಟ್ಟೆಯ ಮೇಲೆ ಬೇಳೆ ಡಬ್ಬಿಗೆ ಫೋನ್ ಒರಗಿಸಿ ರೆಕಾರ್ಡಿಂಗ್ ಒತ್ತಿದೆ.

"ಅಮ್ಮಾ, ಒಂದ್ನಿಮಿಷ ನನ್ನ ತಬ್ಕೋ."

ಅಮ್ಮ ಸೌಟು ಕೆಳಗಿಟ್ಟು ನನ್ನ ಹಣೆ ಮುಟ್ಟಿ ನೋಡಿದಳು. "ಯಾಕೇ, ಜ್ವರ ಬಂದಿದ್ಯಾ?"

ಕೆಲಸಕ್ಕೆ ಬೇಕು ಅಂತ ವಿವರಿಸಿದ ಮೇಲೆ ಒಪ್ಪಿಕೊಂಡಳು. ತಬ್ಬಿಕೊಂಡೆವು. ಆ ವಿಡಿಯೋ ನೋಡಿದರೆ ನಗು ಬರುತ್ತೆ. ಇಬ್ಬರೂ ಬಸ್ಸಿನಲ್ಲಿ ಪಕ್ಕದವರಿಗೆ ತಗುಲದ ಹಾಗೆ ಕೂತವರಂತೆ ಬಿಗಿಯಾಗಿದ್ದೇವೆ. ನನ್ನ ಎಡಗೈಯಂತೂ ಅಮ್ಮನ ಬೆನ್ನಿನಿಂದ ಒಂದು ಇಂಚು ದೂರ ಗಾಳಿಯಲ್ಲೇ ನಿಂತಿದೆ. ಶಾಟ್ 14ರ ಅಜ್ಜಿಯ ಕೈ ಎಲ್ಲಿಂದ ಬಂತು ಅಂತ ಆಗ ಗೊತ್ತಾಯಿತು.

ನಿಜ ಹೇಳಬೇಕು ಅಂದರೆ ನಮ್ಮಂಥ ಮನೆಗಳಲ್ಲಿ ಯಾರು ಯಾರನ್ನು ತಬ್ಬಿಕೊಳ್ತಾರೆ ಹೇಳಿ? ಸ್ಪರ್ಶ ಅನ್ನುವುದು ಏನಾದರೂ ಕೆಲಸದ ನೆಪದಲ್ಲಿ ಬರುತ್ತೆ. ಹಬ್ಬದ ದಿನ ನೆತ್ತಿಗೆ ಎಣ್ಣೆ, ಸ್ಕೂಲಿಗೆ ಹೊರಡುವಾಗ ಜಡೆ, ಜ್ವರಕ್ಕೆ ಹಣೆ, ಪರೀಕ್ಷೆಗೆ ಕುಂಕುಮ. ಹತ್ತನೇ ಕ್ಲಾಸಿನವರೆಗೆ ದಿನಾ ಬೆಳಿಗ್ಗೆ ಅಮ್ಮನ ಮಂಡಿಗಳ ನಡುವೆ ಕೂತು ಜಡೆ ಹಾಕಿಸಿಕೊಂಡಿದ್ದೇನೆ. ಬಿಗಿಯಾಗಿ ಎಳೆದು ಹೆಣೆದರೆ ಹುಬ್ಬು ಮೇಲೆ ಹೋಗುತ್ತಿತ್ತು. ಪಿಯುಸಿಗೆ ಬಂದಾಗ ಕೂದಲು ಕತ್ತರಿಸಿಕೊಂಡೆ. ಅಲ್ಲಿಗೆ ಅಮ್ಮ ನನ್ನನ್ನು ಮುಟ್ಟಲು ಇದ್ದ ದಿನದ ನೆಪ ಹೋಯಿತು. ಮೂರು ವರ್ಷದ ಹಿಂದೆ ಅಪ್ಪ ಹೋದಾಗ ಚಿಕ್ಕಮ್ಮಂದಿರೆಲ್ಲ ಅಮ್ಮನನ್ನು ತಬ್ಬಿ ಅತ್ತರು. ನಾನು ಕಾಗದ ಪತ್ರ, ಬ್ಯಾಂಕು, ಸರ್ಟಿಫಿಕೇಟು ಅಂತ ಓಡಾಡುತ್ತಿದ್ದೆ. ಮಗಳು ತುಂಬಾ ಗಟ್ಟಿ ಅಂದರು ಎಲ್ಲರೂ.

"ಇದು ಸರಿ ಇಲ್ಲ ಬಿಡು" ಅಂದಳು ಅಮ್ಮ, ಫೋನಿನಲ್ಲಿ ನಮ್ಮಿಬ್ಬರನ್ನು ನೋಡಿ. "ಯಾವ ಅಜ್ಜಿ ಹಿಂಗೆ ತಬ್ಕೋತಾಳೆ? ಮೊದ್ಲು ಮುಖ ನೋಡ್ತಾಳೆ. ಕೆನ್ನೆ ಸವರಿ ನೆಟಿಗೆ ತೆಗೀತಾಳೆ. ಎಷ್ಟು ಸೊರಗಿದ್ದೀಯಾ ಮಗೂ ಅಂತಾಳೆ, ಅದು ಗುಂಡಗೆ ಇದ್ರೂನೂ."

ಅಂದವಳೇ ಮಾಡಿ ತೋರಿಸಿದಳು. ಎರಡು ಅಂಗೈಗಳಲ್ಲಿ ನನ್ನ ಕೆನ್ನೆ ಹಿಡಿದು, ಗಲ್ಲದವರೆಗೆ ಸವರಿ, ಬೆರಳುಗಳನ್ನು ಮಡಿಸಿ ತನ್ನ ಕಣತಲೆಗೆ ಒತ್ತಿ ನೆಟಿಗೆ ಮುರಿದಳು. ಲಟಲಟ ಅಂತ ಎಡಗೈದು ಜೋರಾಗಿ ಕೇಳಿಸಿತು. "ನೋಡು, ಎಷ್ಟು ದೃಷ್ಟಿ ಆಗಿದೆ ನಿಂಗೆ" ಅಂತ ಮತ್ತೆ ಒಗ್ಗರಣೆಗೆ ಹೋದಳು. ಮನೆಯಲ್ಲೇ ಕೂತು ಕೆಲಸ ಮಾಡುವವಳಿಗೆ ಯಾರ ದೃಷ್ಟಿ ತಾಗುತ್ತೋ, ಪಕ್ಕದ ಮನೆ ಬೆಕ್ಕಿನದಿರಬೇಕು.

ರಾತ್ರಿ ಆ ವಿಡಿಯೋವನ್ನು ಒಂದೊಂದೇ ಫ್ರೇಮ್ ಸರಿಸುತ್ತಾ ಕೂತೆ. ಹೀಗೆ ನೋಡುವುದೇ ನಮ್ಮ ಕೆಲಸದಲ್ಲಿ ನಿಜವಾದ ಪಾಠ. ಅಂಗೈ ಕೆನ್ನೆಗೆ ಒಂದೇ ಸಲ ಬಂದು ಕೂರುವುದಿಲ್ಲ. ಮೊದಲು ಬೆರಳ ತುದಿ, ಆಮೇಲೆ ಬೆರಳು, ಕೊನೆಗೆ ಅಂಗೈ. ಕೈ ತಾಗುವ ಮೊದಲೇ ನನ್ನ ಕಣ್ಣು ಮುಚ್ಚಲು ಶುರುವಾಗಿದೆ. ತಾಗಿದ ಎರಡು ಫ್ರೇಮ್ ಆದ ಮೇಲೆ ಕೆನ್ನೆ ಒತ್ತಿಕೊಂಡು ಕಣ್ಣಿನ ಕೆಳಗೆ ಒಂದು ಸಣ್ಣ ಮಡಿಕೆ. ತಲೆ ಒಂಚೂರು ಹಿಂದಕ್ಕೆ ಹೋಗಿ, ಮತ್ತೆ ತಾನಾಗಿ ಆ ಕೈಯೊಳಗೆ ಭಾರ ಬಿಟ್ಟಿದೆ. ನನ್ನ ಅಜ್ಜಿ ಶಾಟಿನಲ್ಲಿ ಇದ್ಯಾವುದೂ ಇರಲಿಲ್ಲ. ಕೈ ಎಲ್ಲಿಗೆ ಬರಬೇಕು ಅಂತಷ್ಟೇ ನೋಡಿದ್ದೆ. ಬಂದ ಮೇಲೆ ಕೆನ್ನೆಗೆ ಏನಾಗುತ್ತೆ ಅಂತ ನೋಡಿರಲಿಲ್ಲ.

ಮುಂದಕ್ಕೆ ಸರಿಸಿದೆ. ನೆಟಿಗೆ ತೆಗೆಯುವ ಜಾಗ ಬಂತು. ಅಮ್ಮನ ಎಡಗೈ ಸಲೀಸಾಗಿ ಕಣತಲೆಗೆ ಏರಿತು. ಬಲಗೈ ಗಲ್ಲದ ಮಟ್ಟಕ್ಕೆ ಬಂದು ನಿಂತಿತು. ಆರೇಳು ಫ್ರೇಮ್ ಅಲ್ಲೇ ಇದೆ. ಆಮೇಲೆ ಕೈ ಮೇಲೆ ಹೋಗಲಿಲ್ಲ, ತಲೆ ಕೆಳಗೆ ಬಂತು. ಅಮ್ಮ ತಲೆಯನ್ನು ಬಲಕ್ಕೆ ಬಾಗಿಸಿ ಕೈಗೆ ತಂದು ಮುಟ್ಟಿಸಿದ್ದಳು. ತುಟಿ ಬಿಗಿದುಕೊಂಡಿತ್ತು. ಎಲ್ಲ ಸೇರಿ ಒಂದು ಸೆಕೆಂಡೂ ಇಲ್ಲ. ಎದುರಿಗೇ ನಿಂತಿದ್ದ ನನಗೆ ಕಂಡಿರಲಿಲ್ಲ.

ಹಿಂದಕ್ಕೆ ಸರಿಸಿ ಮತ್ತೆ ನೋಡಿದೆ. ಮತ್ತೊಂದು ಸಲ. ಆಮೇಲೆ ಒಂದೊಂದಾಗಿ ಬೇರೆ ವಿಷಯಗಳು ನೆನಪಿಗೆ ಬಂದವು. ಎತ್ತರಕ್ಕೆ ಕಟ್ಟುತ್ತಿದ್ದ ತುರುಬು ಈಗ ಕುತ್ತಿಗೆಯ ಹತ್ತಿರ ಸಡಿಲವಾದ ಗಂಟಾಗಿತ್ತು. ಕಾಫಿಪುಡಿ, ಸಕ್ಕರೆ ಡಬ್ಬಿಗಳು ಮೇಲಿನ ಶೆಲ್ಫಿನಿಂದ ಕೆಳಗಿಳಿದಿದ್ದವು. ಬಟ್ಟೆ ಒಣಹಾಕುವ ಹಗ್ಗವನ್ನು ಇಳಿಸಿ ಕಟ್ಟಿಸಿಕೊಂಡಿದ್ದಳು. "ಸೀರೆ ಉಡೋಕೆ ಬೇಜಾರು ಕಣೇ" ಅಂತ ವಾರಗಟ್ಟಲೆ ನೈಟಿಯಲ್ಲೇ ಇರುತ್ತಿದ್ದಳು. ಅಪ್ಪ ಇಲ್ಲದ ಬೇಸರ ಇರಬೇಕು ಅಂದುಕೊಂಡು ನಾನು ಏನೂ ಕೇಳಿರಲಿಲ್ಲ.

ಬೆಳಿಗ್ಗೆ ಕಾಫಿ ಲೋಟ ಕೊಡುವಾಗಲೇ ಕೇಳಿದೆ. "ಅಮ್ಮಾ, ಬಲಗೈ ಮೇಲೆತ್ತು ನೋಡೋಣ."

"ಏನಿಲ್ಲ, ವಾಯು ಹಿಡ್ಕೊಂಡಿದೆ."

"ಯಾವಾಗ್ಲಿಂದ?"

"ದಸರಾ ಗೊಂಬೆ ಇಳಿಸಿ ಪೆಟ್ಟಿಗೆಗೆ ಹಾಕಿದ್ನಲ್ಲ, ಆವಾಗ್ಲಿಂದ."

ಐದು ತಿಂಗಳು. "ನಂಗೆ ಹೇಳ್ಬಾರ್ದಾ?"

"ನೀನು ಹೆಡ್‌ಫೋನ್ ಹಾಕ್ಕೊಂಡಿರ್ತೀಯ" ಅಂದಳು. ಆಕ್ಷೇಪಣೆಯ ದನಿಯೇ ಅಲ್ಲ. ಹಾಲಿನವನು ಇವತ್ತು ಬಂದಿಲ್ಲ ಅನ್ನುವ ಹಾಗೆ.

ಮೂಳೆ ಡಾಕ್ಟರು ಕೈಯನ್ನು ಎತ್ತಿ, ತಿರುಗಿಸಿ ನೋಡಿ ಫ್ರೋಜನ್ ಶೋಲ್ಡರ್ ಅಂದರು. ಭುಜದ ಕೀಲಿನ ಸುತ್ತ ಇರುವ ಚೀಲದಂಥ ಪೊರೆ ದಪ್ಪವಾಗಿ ಬಿಗಿದುಕೊಳ್ಳುತ್ತೆ. ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಹೆಚ್ಚು. ಅಮ್ಮನಿಗೆ ಸಕ್ಕರೆ ಬಂದು ಒಂಬತ್ತು ವರ್ಷ. ಮಾತ್ರೆಗಿಂತ ವ್ಯಾಯಾಮ ಮುಖ್ಯ, ಬಿಡಿಸಿಕೊಳ್ಳಲು ತಿಂಗಳುಗಳೇ ಬೇಕು, ಕೆಲವರಿಗೆ ವರ್ಷವೂ ದಾಟುತ್ತೆ ಅಂದರು. ಗೋಡೆಗೆ ಎದುರಾಗಿ ನಿಂತು, ಬೆರಳುಗಳನ್ನು ಇರುವೆ ಹತ್ತಿದ ಹಾಗೆ ಮೇಲಕ್ಕೆ ಹತ್ತಿಸಬೇಕು. ಮುಂದೆ ಬಾಗಿ ಕೈಯನ್ನು ಗಡಿಯಾರದ ಲೋಲಕದಂತೆ ತೂಗಾಡಿಸಬೇಕು. ಮನೆಗೆ ಬಂದು ಹಾಲ್ ಗೋಡೆಯ ಮೇಲೆ, ಆ ದಿನ ಬೆರಳು ಮುಟ್ಟಿದ ಜಾಗಕ್ಕೆ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಖು ಬರೆದೆ. ಬಣ್ಣ ಹೊಡೆಸಿ ಎರಡು ವರ್ಷವೂ ಆಗಿಲ್ಲ ಅಂತ ಅಮ್ಮ ಗೊಣಗಿದಳು.

ಶಾಟ್ ಹಾಗೇ ಉಳಿದಿತ್ತು. ತಬ್ಬಿಕೊಳ್ಳುವುದು ಬೇಡ, ಅಜ್ಜಿ ನೆಟಿಗೆ ತೆಗೆಯಲಿ ಅಂತ ಡೈರೆಕ್ಟರಿಗೆ ಕೇಳಿದೆ. ಒಂದು ಕ್ಷಣ ಸುಮ್ಮನಿದ್ದು, "ನಮ್ಮಜ್ಜಿನೂ ಹಂಗೇ ಮಾಡ್ತಿದ್ರು. ಆದ್ರೆ ಅದು ಇನ್ನೂ ಕಷ್ಟ ಅಲ್ವಾ?" ಅಂದರು. ಹೌದು, ಇನ್ನೂ ಕಷ್ಟ. ಬೆನ್ನ ಮೇಲಿನ ಕೈಯನ್ನು ಸೆರಗಿನಲ್ಲಿ ಮುಚ್ಚಬಹುದು. ಕೆನ್ನೆಯ ಮೇಲಿನ ಕೈಯನ್ನು ಎಲ್ಲಿ ಅಡಗಿಸುತ್ತೀರಿ?

ಮೊದಲ ತೊಂದರೆ, ಕೈ ಜಾರುವುದು. ಅಂಗೈ ಅನ್ನುವುದು ರಿಗ್‌ನಲ್ಲಿ ಮುಂಗೈಗೆ ಕಟ್ಟಿರುತ್ತೆ, ಮುಂಗೈ ತೋಳಿಗೆ, ತೋಳು ಭುಜಕ್ಕೆ. ಅಜ್ಜಿ ಉಸಿರಾಡಿದರೂ ಭುಜ ಅಲುಗಿ ಅಂಗೈ ಅಲುಗುತ್ತೆ. ಅತ್ತ ಮಗುವಿನ ತಲೆ ತನ್ನ ಪಾಡಿಗೆ ತಾನು ವಾಲುತ್ತೆ. ನೋಡುವವರಿಗೆ ಅಂಗೈ ಕೆನ್ನೆಯ ಮೇಲೆ ಎಣ್ಣೆ ಹಚ್ಚಿದ ಹಾಗೆ ಜಾರಾಡುವುದು ಕಾಣುತ್ತೆ, ಎರಡೇ ಎರಡು ಪಿಕ್ಸೆಲ್ ಜಾರಿದರೂ ಕಣ್ಣು ಹಿಡಿದುಬಿಡುತ್ತೆ. ಇದಕ್ಕೆ ಪರಿಹಾರ, ಕೈ ಯಾರ ಮಾತು ಕೇಳಬೇಕು ಅನ್ನುವುದನ್ನು ಬದಲಾಯಿಸುವುದು. ತಾಗುವವರೆಗೆ ಅದು ಅಜ್ಜಿಯ ತೋಳಿನ ಮಾತು ಕೇಳಲಿ. ತಾಗಿದ ಫ್ರೇಮಿನಿಂದ ಮಗುವಿನ ಕೆನ್ನೆಯ ಮಾತು ಕೇಳಬೇಕು. ಮಗು ತಲೆ ವಾಲಿಸಿದರೆ ಅಂಗೈ ಅದರ ಜೊತೆಗೇ ಹೋಗಬೇಕು, ಹಿಂದಿರುವ ಮುಂಗೈ, ಮೊಣಕೈ ಆ ಅಂಗೈಯನ್ನು ಹಿಂಬಾಲಿಸಬೇಕು. ಕೈ ಬಿಟ್ಟ ಫ್ರೇಮಿನಲ್ಲಿ ಮತ್ತೆ ಅಜ್ಜಿಗೆ ವಾಪಸ್. ಈ ಒಪ್ಪಿಸುವ ಫ್ರೇಮುಗಳನ್ನು ಹೊಂದಿಸಲು ನನಗೆ ಒಂದೂವರೆ ದಿನ ಹಿಡಿಯಿತು.

ಆಮೇಲೂ ಏನೋ ಕೊರತೆ. ಕೆನ್ನೆ ಒತ್ತುವುದನ್ನು ಹಾಕಿದೆ, ಕಣ್ಣಿನ ಕೆಳಗಿನ ಮಡಿಕೆ ಹಾಕಿದೆ, ಬೆರಳಿನ ಕೆಳಗೆ ತೆಳುವಾದ ನೆರಳು ಹಾಕಿದೆ. ಅಷ್ಟಾದರೂ ಬೆರಳಿನ ಸುತ್ತ ಇದ್ದ ಕಪ್ಪು ಗೆರೆ ಇಬ್ಬರ ನಡುವೆ ಬೇಲಿ ಹಾಕಿದ ಹಾಗೆ ನಿಂತಿತ್ತು.

ಆಗ ನೆನಪಾಗಿದ್ದು ಮಾನಸಗಂಗೋತ್ರಿಯ ಜಯಲಕ್ಷ್ಮಿ ವಿಲಾಸ. ಕಾಲೇಜಿನಲ್ಲಿದ್ದಾಗ ಅಲ್ಲಿನ ಜಾನಪದ ವಸ್ತುಸಂಗ್ರಹಾಲಯಕ್ಕೆ ಸ್ಕೆಚ್ ಪುಸ್ತಕ ಹಿಡಿದುಕೊಂಡು ಹೋಗಿದ್ದೆವು. ಸೋಮನ ಗೊಂಬೆಗಳ ಎದುರು ಎಲ್ಲರೂ ನಿಂತರೆ, ನನಗೆ ಹಿಡಿಸಿದ್ದು ತೊಗಲುಗೊಂಬೆ. ತೊಗಲನ್ನು ಬೆಳಕು ಹಾಯುವಷ್ಟು ತೆಳುವಾಗಿ ಹದ ಮಾಡಿ, ಕತ್ತರಿಸಿ, ತೂತು ಕೊರೆದು, ಬಣ್ಣ ಹಚ್ಚಿ, ಬಿಳಿ ಪರದೆಯ ಹಿಂದೆ ದೀಪವಿಟ್ಟು ಆಡಿಸುವ ಆಟ. ಕೊಪ್ಪಳ ಜಿಲ್ಲೆ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಇನ್‌ಸ್ಟಾಗ್ರಾಂನಲ್ಲಿ ನೀವೂ ನೋಡಿರುತ್ತೀರಿ. ತೊಂಬತ್ತು ದಾಟಿದ ಕೈಗಳು. ನಮ್ಮ ರಿಗ್‌ನ ಕಾಣದ ಮೊಳೆಯ ಜಾಗದಲ್ಲಿ ಅವರದು ದಾರದ ಗಂಟು. ಕೈಕಾಲು ಆಡುವ ಗೊಂಬೆಗಳ ಜೊತೆಗೆ, ಕರ್ನಾಟಕದ ತೊಗಲುಗೊಂಬೆಗಳಲ್ಲಿ ಇನ್ನೊಂದು ಬಗೆ ಉಂಟು. ಒಂದೇ ತೊಗಲಿನಲ್ಲಿ ಇಬ್ಬರು ಮೂವರನ್ನು ಒಟ್ಟಿಗೆ ಕತ್ತರಿಸಿದ ದೃಶ್ಯದ ಗೊಂಬೆ. ಅವರನ್ನು ಬೇರೆ ಮಾಡುವ ಹಾಗೇ ಇಲ್ಲ. ಅವನ ಭುಜ ಎಲ್ಲಿ ಮುಗಿಯಿತು, ಅವಳ ಕೈ ಎಲ್ಲಿ ಶುರುವಾಯಿತು ಅಂತ ಪ್ರಶ್ನೆಯೇ ಇಲ್ಲ, ಚರ್ಮವೇ ಒಂದು.

ಕೂತು 57 ಲೇಯರ್‌ಗಳನ್ನೂ ಮರೆ ಮಾಡಿದೆ. ಖಾಲಿ ಹಾಳೆಯಲ್ಲಿ ಅಜ್ಜಿಯ ಎರಡು ಕೈ, ಮಗುವಿನ ಮುಖ ಎರಡನ್ನೂ ಸೇರಿಸಿ ಒಂದೇ ಚಿತ್ರವಾಗಿ ಬಿಡಿಸಿದೆ. ಬೆರಳೂ ಕೆನ್ನೆಯೂ ಕೂಡುವ ಕಡೆ ಗೆರೆ ಎಳೆಯಲೇ ಇಲ್ಲ, ಬಣ್ಣದ ಸಣ್ಣ ವ್ಯತ್ಯಾಸ ಮಾತ್ರ. ಮುಟ್ಟುವ ಮೊದಲು ಎರಡು ರಿಗ್, ಮುಟ್ಟಿದ ಮೇಲೆ 22 ಫ್ರೇಮ್ ಈ ಕೂಡು ಚಿತ್ರಗಳು, ಬಿಟ್ಟ ಮೇಲೆ ಮತ್ತೆ ಎರಡು ರಿಗ್. ಎರಡು ಫ್ರೇಮಿಗೊಂದರಂತೆ ಹನ್ನೊಂದು ಚಿತ್ರ, ಎಲ್ಲವೂ ಕೈಯಲ್ಲಿ. ಒಂದೂವರೆ ದಿನ ಕೂತು ಹೊಂದಿಸಿದ ಕೈ ಒಪ್ಪಿಸುವ ಕಸರತ್ತೆಲ್ಲ ಹೆಚ್ಚುಕಡಿಮೆ ನೀರಿಗೆ ಹಾಕಿದ ಹೋಮ. ಅಂಥದ್ದು ನಮ್ಮ ಕೆಲಸದಲ್ಲಿ ಮಾಮೂಲು.

ನೆಟಿಗೆ ತೆಗೆಯುವ ಭಾಗಕ್ಕೆ ಬಂದಾಗ ಕೈ ತಡೆಯಿತು. ಅಜ್ಜಿಯ ರಿಗ್‌ಗೆ ಭುಜ ನೋವಿಲ್ಲ, ಎರಡೂ ಕೈ ಕಣತಲೆಗೆ ಸಲೀಸಾಗಿ ಹೋಗುತ್ತವೆ. ಒಂದು ಸಲ ಹಾಗೇ ಮಾಡಿದೆ. ಚೆನ್ನಾಗಿಯೇ ಇತ್ತು. ಆಮೇಲೆ ಅಳಿಸಿ, ಬಲಗೈಯನ್ನು ಗಲ್ಲದ ಹತ್ತಿರ ನಿಲ್ಲಿಸಿ, ತಲೆಯನ್ನು ಬಾಗಿಸಿದೆ.

"ಅಜ್ಜಿ ತಲೆ ಬಗ್ಗಿಸ್ತಾಳಲ್ಲ, ಅದು ಎಲ್ಲಿಂದ ಬಂತು?" ಅಂತ ಡೈರೆಕ್ಟರ್ ಕೇಳಿದರು. "ತುಂಬಾ ಚೆನ್ನಾಗಿದೆ, ಇಟ್ಕೊಳ್ಳಿ."

"ರೆಫರೆನ್ಸ್ ಸಿಕ್ತು ಸರ್" ಅಂದೆ.

ಈಗ ಬೆಳಿಗ್ಗೆ ಅಮ್ಮನ ತಲೆ ಬಾಚುವುದು ನನ್ನ ಪಾಲಿಗೆ. ಅವಳು ಕೆಳಗೆ ಮಣೆ ಮೇಲೆ, ನಾನು ದಿವಾನದ ಮೇಲೆ. ಮೂರೆಳೆ ಹೆಣೆಯಲು ನನಗೆ ಇನ್ನೂ ಸರಿಯಾಗಿ ಬರುವುದಿಲ್ಲ, ಮಧ್ಯದಲ್ಲಿ ಯಾವುದು ಮೇಲೆ ಅಂತ ಮರೆತುಹೋಗುತ್ತೆ. "ಕಂಪ್ಯೂಟರಲ್ಲಿ ಅಷ್ಟೆಲ್ಲಾ ಮಾಡ್ತೀಯ" ಅಂತ ಅಣಕಿಸುತ್ತಾಳೆ. ವಾರಕ್ಕೊಮ್ಮೆ ದೇವರಾಜ ಮಾರುಕಟ್ಟೆಯಿಂದ ಮಲ್ಲಿಗೆ ತಂದರೆ ಅದನ್ನು ಮುಡಿಸುವುದೂ ನಾನೇ. ಪಿನ್ನು ಚುಚ್ಚಿ ಎರಡು ಸಲ ಬೈಸಿಕೊಂಡಿದ್ದೇನೆ.

ಶಾಟ್ ಮುಗಿದ ದಿನ ಲ್ಯಾಪ್‌ಟಾಪ್ ತಂದು ಅಮ್ಮನ ಮುಂದಿಟ್ಟೆ. ಕನ್ನಡಕ ಹಾಕಿಕೊಂಡು ಆರು ಸೆಕೆಂಡು ನೋಡಿದಳು. ಮತ್ತೆ ಹಾಕು ಅಂದಳು. ಮೂರನೇ ಸಲ ನೋಡುವಾಗ ಅವಳ ಎಡಗೈ ತಾನಾಗಿ ಬಲಭುಜಕ್ಕೆ ಹೋಗಿ ಅಲ್ಲೇ ಇತ್ತು.

"ಈ ಅಜ್ಜಿಗೂ ಭುಜ ಹಿಡ್ಕೊಂಡಿದ್ಯಾ?"

"ಹೂಂ."

ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಪರದೆಗೆ ಬೆರಳು ಒತ್ತಿ, "ಸೆರಗು ಬಲಗಡೆ ಹಾಕಿದ್ದೀಯಲ್ಲೇ. ಎಡಭುಜದ ಮೇಲೆ ಬರ್ಬೇಕು ತಾನೇ?" ಅಂದಳು.

ನಿಜ. ಅಜ್ಜಿಯ ಮುಖ ಬಲಕ್ಕೆ ತಿರುಗಿಸಲು ರಿಗ್ಗನ್ನೇ ಕನ್ನಡಿಯಲ್ಲಿ ಕಂಡಂತೆ ಮಗುಚಿದ್ದೆ. ಸೆರಗೂ ಜೊತೆಗೇ ಮಗುಚಿಕೊಂಡಿತ್ತು. ಸ್ಟುಡಿಯೋದಲ್ಲಿ ಅಷ್ಟು ಜನ ನೋಡಿದ್ದರು, ಒಬ್ಬರಿಗೂ ಕಂಡಿರಲಿಲ್ಲ. ಹನ್ನೊಂದು ಚಿತ್ರಗಳಲ್ಲೂ ಸೆರಗನ್ನು ಅಳಿಸಿ ಬಿಡಿಸುವಷ್ಟರಲ್ಲಿ ರಾತ್ರಿ ಎರಡು ಗಂಟೆ. ನೀರು ಕುಡಿಯಲು ಹಾಲ್‌ಗೆ ಬಂದಾಗ ಗೋಡೆ ನೋಡಿದೆ. ಅಮ್ಮ ಸಂಜೆ ತಾನೇ ಹೊಸ ಗೆರೆ ಎಳೆದುಕೊಂಡಿದ್ದಳು, ಸ್ವಿಚ್ ಬೋರ್ಡಿಗಿಂತ ಎರಡು ಬೆರಳು ಮೇಲೆ.